ಗಾಂಧಿಬಜಾರಿಗೂ ಎಸ್.ಪಿ. ರೋಡಿಗೂ ನಡುವೆ

ಬೆಂಗಳೂರಿನ ಬಗ್ಗೆ ಕನ್ನಡದಲ್ಲಿ ಬಂದಿರುವ, ಬರುತ್ತಿರುವ ಬರಹಗಳನ್ನು ಒಂದೆಡೆ ಗುಡ್ಡೆ ಹಾಕಿ ನೋಡಿದರೆ ಅವು ತಾವಾಗಿಯೇ ಎರಡು ರಾಶಿಗಳಾಗಿ ಬೇರ್ಪಡುತ್ತವೆ. ಒಂದು ರಾಶಿಯಲ್ಲಿ ಗಾಜಿನ ಕಟ್ಟಡ, ರಾತ್ರಿ ಪಾಳಿ, ಕಂಪನಿಯ ಕ್ಯಾಬು, ಗೃಹಸಾಲದ ಕಂತು, ಅಪಾರ್ಟ್‌ಮೆಂಟಿನ ಒಂಟಿತನ. ಇನ್ನೊಂದರಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆ, ವಿದ್ಯಾರ್ಥಿ ಭವನದ ದೋಸೆ, ಮಲ್ಲೇಶ್ವರದ ಎಂಟನೇ ಕ್ರಾಸಿನ ಹೂವು, ಚಾಮರಾಜಪೇಟೆಯ ರಾಮನವಮಿ ಸಂಗೀತ. ಮೊದಲನೆಯದು ಸಂಕಟದ ಬೆಂಗಳೂರು, ಎರಡನೆಯದು ಕೈತಪ್ಪಿದ ಸುಖದ ಬೆಂಗಳೂರು. ಸ್ವಾರಸ್ಯವೆಂದರೆ, ಎರಡನ್ನೂ ಬರೆಯುವವರು ಬಹುತೇಕ ಒಂದೇ ವರ್ಗದ ಜನ. ವಾರದ ಐದು ದಿನ ಹೊರವರ್ತುಲ ರಸ್ತೆಯ ಕಂಪನಿಗಳಲ್ಲಿ ದುಡಿದು, ಆರನೆಯ ದಿನ ಗಾಂಧಿಬಜಾರಿಗೆ ಬಂದು ಬಾಲ್ಯವನ್ನು ಹುಡುಕುವವರು. ಬಾಲ್ಯ ಅಲ್ಲಿ ಕಳೆಯದಿದ್ದವರೂ ಹುಡುಕುತ್ತಾರೆ ಎನ್ನುವುದು ಬೇರೆ ಮಾತು.

ಇದನ್ನು ಗೇಲಿ ಮಾಡುವ ಉದ್ದೇಶ ನಮಗಿಲ್ಲ. ಕಾರ್ತಿಕದ ಕೊನೆಯ ಸೋಮವಾರ ದೊಡ್ಡಬಸವಣ್ಣನ ಗುಡಿಯ ಸುತ್ತ ಸೇರುವ ಜನರನ್ನು ನೋಡಿದರೆ ಯಾರಿಗಾದರೂ ಸಂತೋಷವಾಗುತ್ತದೆ. ನಮ್ಮ ತಕರಾರು ಇರುವುದು ಪರಿಷೆಯ ಬಗ್ಗೆ ಅಲ್ಲ, ಪರಿಷೆಯನ್ನು ಬರೆಯುವ ಬಗೆಯ ಬಗ್ಗೆ. ಈ ಬರಹಗಳಲ್ಲಿ ಒಂದು ಸಿದ್ಧ ಕಥಾಸೂತ್ರವಿದೆ: ಹಿಂದೆ ಊರು ಶಾಂತವಾಗಿತ್ತು, ಸುಸಂಸ್ಕೃತವಾಗಿತ್ತು, ಆಮೇಲೆ ತಂತ್ರಜ್ಞಾನ ಬಂತು, ಹೊರಗಿನವರು ಬಂದರು, ಎಲ್ಲ ಕೆಟ್ಟಿತು. ಈ ಸೂತ್ರ ಎಷ್ಟು ಹಿತವಾಗಿದೆಯೋ ಅಷ್ಟೇ ಪೊಳ್ಳಾಗಿದೆ.

ಯಾಕೆಂದರೆ ನಾವು 'ಹಳೆಯ ಬೆಂಗಳೂರು' ಎಂದು ಮುದ್ದಿನಿಂದ ಕರೆಯುವ ಬಡಾವಣೆಗಳೇ ಒಂದು ಕಾಲದ ಹೊಸ ಬೆಂಗಳೂರು. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. 1898ರ ಪ್ಲೇಗು ಕಿಕ್ಕಿರಿದ ಪೇಟೆಯನ್ನು ಬಡಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಎದ್ದವು. ನೇರ ರಸ್ತೆ, ಅಳತೆಯ ನಿವೇಶನ, ಮನೆ ಹಿಂದೆ ಕಸದ ಓಣಿ, ಗಾಳಿ ಬೆಳಕಿನ ಲೆಕ್ಕ, ಇವೆಲ್ಲ ಆ ಕಾಲದ ಎಂಜಿನಿಯರುಗಳ, ವೈದ್ಯರ ಯೋಜನೆ. ಯಾವ ಸಮುದಾಯ ಎಲ್ಲಿ ಇರಬೇಕೆಂಬುದೂ ಆ ಯೋಜನೆಯಲ್ಲಿ ಇಲ್ಲದೇ ಇರಲಿಲ್ಲ. 1905ರ ಆಗಸ್ಟಿನಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಮಾರುಕಟ್ಟೆಯ ಬೀದಿದೀಪ ಹತ್ತಿತು. 1909ರಲ್ಲಿ ಮಲ್ಲೇಶ್ವರದ ಮಗ್ಗುಲಿಗೆ, ಜನ ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ವಿಜ್ಞಾನ ಸಂಸ್ಥೆ ಬಂತು. ಅಂದರೆ ತಂತ್ರಜ್ಞಾನವನ್ನು ನಂಬಿ ಬದುಕುವ ಮಧ್ಯಮವರ್ಗ ಬೆಂಗಳೂರಿನಲ್ಲಿ ಹುಟ್ಟಿದ್ದು ಸಾಫ್ಟ್‌ವೇರ್ ಕಂಪನಿಗಳಿಂದಲ್ಲ. ಅವರ ಅಜ್ಜಂದಿರು ಗಾಂಧಿಬಜಾರಿನಲ್ಲಿ ತರಕಾರಿ ಕೊಳ್ಳುತ್ತಿದ್ದಾಗಲೇ ಅದು ಹುಟ್ಟಿತ್ತು.

ಇನ್ನೂ ಹಿಂದಕ್ಕೆ ಹೋದರೆ ಚಾಮರಾಜಪೇಟೆಯ ಅಂಚಿನಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ, ಅದರಿಂದ ಅಷ್ಟೇನೂ ದೂರವಿಲ್ಲದ ತಾರಾಮಂಡಲಪೇಟೆ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಹಾರಿಸುವ ಮೈಸೂರಿನ ರಾಕೆಟ್ಟುಗಳ ಜೊತೆ ಜನರ ನೆನಪು ಈ ಹೆಸರನ್ನು ಜೋಡಿಸುತ್ತ ಬಂದಿದೆ. 1799ರ ನಂತರ ಇಂಗ್ಲೆಂಡಿಗೆ ಸಾಗಿದ ಆ ರಾಕೆಟ್ಟುಗಳನ್ನು ನೋಡಿಯೇ ಕಾಂಗ್ರೀವ್ ತನ್ನದನ್ನು ಬೆಳೆಸಿದ. ಈ ಕಥೆಯನ್ನು ವಿಜ್ಞಾನದ ಚರಿತ್ರೆಯಾಗಿ ಗಂಭೀರವಾಗಿ 1985ರಲ್ಲಿ ಬರೆದವರು ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ. ಟಿಪ್ಪುವಿನ ಹೆಸರೆತ್ತಿದರೆ ಜಗಳಕ್ಕೇ ನಿಲ್ಲುವ ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ಆ ತಣ್ಣನೆಯ ವಿದ್ವತ್ತಿಗೆ ಜಾಗ ಸಿಗಲಿಲ್ಲ. ಅದಿರಲಿ. ನಾವು ಹೇಳಹೊರಟದ್ದು ಸಾಹಿತ್ಯದ ಮಾತು.

ಗಾಂಧಿಬಜಾರಿನ ಸಂಜೆಯನ್ನು ಕನ್ನಡ ಕಾವ್ಯದಲ್ಲಿ ನಿಲ್ಲಿಸಿದವರಲ್ಲಿ ಕೆ.ಎಸ್. ನಿಸಾರ್ ಅಹಮದ್ ಮುಖ್ಯರು. 'ಮಾಸ್ತಿ' ಎಂಬ ಅವರ ಕವಿತೆಯಲ್ಲಿ ಗವೀಪುರದ ಆ ಹಿರಿಯ ಕಥೆಗಾರ ಬಜಾರಿನ ಗದ್ದಲದ ನಡುವೆ ತಮ್ಮ ಪಾಡಿಗೆ ತಾವು ನಡೆದುಹೋಗುತ್ತಾರೆ. ದೇವನಹಳ್ಳಿಯಲ್ಲಿ ಹುಟ್ಟಿದ, ಭೂವಿಜ್ಞಾನ ಓದಿ ಭೂವಿಜ್ಞಾನವನ್ನೇ ಪಾಠ ಮಾಡಿದ ಒಬ್ಬ ಮುಸ್ಲಿಮ್ ಕವಿ, ಶ್ರೀವೈಷ್ಣವ ಹಿರಿಯರೊಬ್ಬರನ್ನು ಅಷ್ಟು ಪ್ರೀತಿಯಿಂದ, ಅಷ್ಟೇ ಎಚ್ಚರದಿಂದ ನೋಡುತ್ತಾನೆ. ಭಕ್ತಿಯಿದೆ, ಆದರೆ ಬಾಗಿದ ತಲೆಯಿಲ್ಲ. ಇದು ನೋಟದ ಗುಣ. 2020ರಲ್ಲಿ ತೀರಿಕೊಂಡ ನಿಸಾರರನ್ನು ಈಗ ಎಲ್ಲರೂ 'ನಿತ್ಯೋತ್ಸವ'ದ ಕವಿ ಎಂದಷ್ಟೇ ನೆನೆಯುತ್ತಾರೆ. ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ ಎಂದು ಹೆಸರಾದ ಆ ಕ್ಯಾಸೆಟ್ಟು 1978ರಲ್ಲಿ ಬಂತು, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಮನೆಮನೆ ಸೇರಿತು. ಒಂದು ಯಂತ್ರ ಒಬ್ಬ ಕವಿಯನ್ನು ನಾಡಿನ ಉದ್ದಗಲಕ್ಕೆ ಒಯ್ದಿತು, ಒಯ್ಯುವಾಗ ಅವನ ವ್ಯಂಗ್ಯ, ಸಿಟ್ಟು, ಸಂಕೋಚಗಳನ್ನು ದಾರಿಯಲ್ಲೇ ಇಳಿಸಿತು. ನವೆಂಬರಿನಲ್ಲಿ ಟೆಕ್ ಪಾರ್ಕುಗಳಲ್ಲಿ ಪೇಟ ಸುತ್ತಿಕೊಂಡು ಆ ಹಾಡು ಹಾಡುವ ಹುಡುಗ ಹುಡುಗಿಯರು 'ನಿಮ್ಮೊಡನಿದ್ದೂ ನಿಮ್ಮಂತಾಗದೆ' ಎಂಬ ಅವರ ಇನ್ನೊಂದು ಕವಿತೆಯನ್ನೂ ಒಮ್ಮೆ ಓದಿದರೆ, ತಾವು ಆಚರಿಸುತ್ತಿರುವ ಉತ್ಸವದ ಅಂಗಳ ಎಷ್ಟು ಅಗಲ, ಎಷ್ಟು ಕಿರಿದು ಎಂಬುದು ಅವರಿಗೂ ತಿಳಿದೀತು.

ಇನ್ನು ಕಥೆ ಕಾದಂಬರಿಗಳ ವಿಚಾರ. ಉದಾರೀಕರಣದ ನಂತರದ ಬೆಂಗಳೂರನ್ನು ನಿಜವಾಗಿ ಅರ್ಥಮಾಡಿಕೊಂಡ ಕನ್ನಡ ಕೃತಿ ಯಾವುದೆಂದು ಕೇಳಿದರೆ ನಾವು ವಿವೇಕ ಶಾನಭಾಗರ 'ಘಾಚರ್ ಘೋಚರ್' ಅನ್ನು ಮುಂದಿಡುತ್ತೇವೆ. 2013ರಲ್ಲಿ ಬಂದ ಈ ನೀಳ್ಗತೆಯಲ್ಲಿ ಒಂದು ಕಂಪ್ಯೂಟರೂ ಮುಖ್ಯವಲ್ಲ. ಇರುವುದು ಸಾಂಬಾರ ಪದಾರ್ಥಗಳನ್ನು ತಂದು ಸಣ್ಣ ಪೊಟ್ಟಣ ಕಟ್ಟಿ ಮಾರುವ ಚಿಕ್ಕಪ್ಪನ ವ್ಯಾಪಾರ, ಅದರಿಂದ ದಿಢೀರನೆ ಬಂದ ದುಡ್ಡು, ರೈಲು ಡಬ್ಬಿಗಳಂತೆ ಒಂದರ ಹಿಂದೊಂದು ಕೋಣೆಗಳಿದ್ದ ಮನೆ ಬಿಟ್ಟು ದೊಡ್ಡ ಮನೆಗೆ ಹೋದ ಕುಟುಂಬ. ಆದರೂ ಐಟಿ ನಗರದ ಒಳಗುಟ್ಟನ್ನು ಈ ಕೃತಿ ಹಿಡಿದಷ್ಟು ಸಾಫ್ಟ್‌ವೇರ್ ನೌಕರರ ಕಥೆಗಳು ಹಿಡಿದಿಲ್ಲ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಮನೆ ಬಾಗಿಲಿಗೆ ಬರುತ್ತಾಳೆ, ಕೈಯಲ್ಲಿ ಅವನಿಗೆ ಪ್ರಿಯವಾದ ಮಸೂರ್ ದಾಲಿನ ಡಬ್ಬಿ. ಮನೆಯ ಹೆಂಗಸರು ಅವಳನ್ನು ಬೈದು ಅಟ್ಟುತ್ತಾರೆ. ಡಬ್ಬಿ ನೆಲಕ್ಕೆ ಬೀಳುತ್ತದೆ. ಚಿಕ್ಕಪ್ಪ ಒಳಗಿದ್ದೂ ಹೊರಬರುವುದಿಲ್ಲ.

ಈ ದೃಶ್ಯದಲ್ಲಿ ಅವಳ ಹಿನ್ನೆಲೆ ಏನು ಎಂದು ಲೇಖಕರು ವಿವರಿಸಲು ಹೋಗುವುದಿಲ್ಲ. ವಿವರಿಸಿದ್ದರೆ ದೃಶ್ಯ ಸಣ್ಣದಾಗುತ್ತಿತ್ತು. ಹೊಸ ದುಡ್ಡು ಬಂದ ಮನೆಯ ಒಗ್ಗಟ್ಟು ಬಾಗಿಲ ಹೊರಗಿನವರೊಬ್ಬರ ಮೇಲೆ ಬೀಳುವುದರಿಂದಲೇ ಗಟ್ಟಿಯಾಗುತ್ತದೆ ಎಂಬುದು ನಮಗೆ ಅಲ್ಲಿ ಕಾಣುತ್ತದೆ. ಕಥೆಯಲ್ಲಿ ಒಂದು ಮುಸ್ಲಿಮ್ ಪಾತ್ರ ಇಡಿ, ಒಂದು ದಲಿತ ಪಾತ್ರ ಇಡಿ ಎಂದು ಲೆಕ್ಕ ಕೇಳುವವರಲ್ಲ ನಾವು. ಬಾಗಿಲು ಯಾರಿಗೆ ಮುಚ್ಚಿತು ಎಂಬುದನ್ನು ನೋಡಬಲ್ಲ ಕಣ್ಣಿದ್ದರೆ ಸಾಕು. 'ಹಳೆಯ ಬೆಂಗಳೂರು' ಬರಹಗಳಲ್ಲಿ ಇಲ್ಲದಿರುವುದು ಆ ಕಣ್ಣು. ಅವುಗಳಲ್ಲಿ ಬಾಗಿಲು ಯಾವಾಗಲೂ ತೆರೆದಿರುತ್ತದೆ, ಒಳಗಿನಿಂದ ಕಾಫಿಯ ಘಮ ಬರುತ್ತಿರುತ್ತದೆ.

ವಸುಧೇಂದ್ರರ 'ಮೋಹನಸ್ವಾಮಿ'ಯನ್ನೂ ಇಲ್ಲಿ ನೆನೆಯಬೇಕು. ಸಾಫ್ಟ್‌ವೇರ್ ಕಂಪನಿಗಳಲ್ಲಿ ವರ್ಷಗಟ್ಟಲೆ ದುಡಿದು ಬಂದ ಲೇಖಕ, ಬೆಂಗಳೂರು ಒಬ್ಬ ಸಲಿಂಗಿಗೆ ಕೊಡುವ ಬಿಡುಗಡೆಯನ್ನೂ ಭಯವನ್ನೂ ಹಿಂಜರಿಯದೆ ಬರೆದರು. ಅವರು 2004ರಲ್ಲಿ ಆರಂಭಿಸಿದ ಛಂದ ಪುಸ್ತಕ ಹೊಸ ಕಥೆಗಾರರಿಗೆ ದೊಡ್ಡ ಆಸರೆಯಾಯಿತು. ಕನ್ನಡಕ್ಕೆ ಟೆಕ್ಕಿಗಳು ಏನು ಕೊಟ್ಟರು ಎಂದು ಮೂಗು ಮುರಿಯುವ ನಮ್ಮ ಕೆಲವು ಪ್ರಾಧ್ಯಾಪಕ ಮಿತ್ರರು ಇದನ್ನು ಮರೆಯುತ್ತಾರೆ.

ಹಾಗಿದ್ದರೆ ಏನು ಕಡಿಮೆಯಾಗಿದೆ? ಗಾಂಧಿಬಜಾರಿನಿಂದ ಆಟೋದಲ್ಲಿ ಕೂತು ಟೌನ್‌ಹಾಲ್ ದಾಟಿ ಎಸ್.ಪಿ. ರೋಡಿಗೆ ಬನ್ನಿ. ಕಂಪ್ಯೂಟರ್ ಎಂಬುದು ಮಧ್ಯಮವರ್ಗದ ಮನೆಗೆ ಬರುತ್ತಿದ್ದ ಕಾಲದಲ್ಲಿ ಅರ್ಧ ಬೆಂಗಳೂರಿನ ಕಂಪ್ಯೂಟರುಗಳು ಜೋಡಣೆಯಾದದ್ದು ಇಲ್ಲಿ. ಎದುರಿಗೆ ಮಾರ್ವಾಡಿ, ಗುಜರಾತಿ ಸೇಠರ ಅಂಗಡಿ, ಒಳಗೆ ಅಥವಾ ಮೆಟ್ಟಿಲ ಮೇಲೆ ಒಂದು ರಿಪೇರಿ ಮೇಜು, ಮೇಜಿನ ಹಿಂದೆ ಭೂತಗನ್ನಡಿ ಹಿಡಿದು ಕೂತ ಹುಡುಗ. ಅವನು ಪಾದರಾಯನಪುರದವನಿರಬಹುದು, ಗೋರಿಪಾಳ್ಯದವನಿರಬಹುದು. ಎಸ್ಸೆಸ್ಸೆಲ್ಸಿ ದಾಟಿರಲಿಕ್ಕಿಲ್ಲ. "ಪ್ಯಾನೆಲ್ ಗಯಾ ಸಾರ್, ಐಸಿ ಬದಲಾಯಿಸಿದ್ರೂ ಗ್ಯಾರಂಟಿ ನಕ್ಕೊ ಪೂಛೊ" ಎಂದು ದಖನಿ, ಕನ್ನಡ, ಇಂಗ್ಲಿಷ್ ಮೂರನ್ನೂ ಒಂದೇ ಉಸಿರಿನಲ್ಲಿ ಬೆಸುಗೆ ಹಾಕುತ್ತಾನೆ. ಅವನಿಗೆ ಮದರ್‌ಬೋರ್ಡಿನ ನರನಾಡಿ ಗೊತ್ತು. ಅವನು ಕಲಿತದ್ದು ಮಾಮುವಿನ ಪಕ್ಕ ಕೂತು, ನೋಡಿ, ಕೈಸುಟ್ಟುಕೊಂಡು. ತಂತ್ರಜ್ಞಾನ ನಗರಿ ಎಂದಾಗ ಅವನ ಚಿತ್ರ ಯಾರ ಕಣ್ಣ ಮುಂದೂ ಬರುವುದಿಲ್ಲ. ಅವನಿಗೆ ಟೆಕ್ಕಿ ಎಂಬ ಹೆಸರಿಲ್ಲ, ಕೊರಳಲ್ಲಿ ಗುರುತಿನ ಚೀಟಿಯಿಲ್ಲ.

ಅಲ್ಲಿಂದಲೂ ಮುಂದೆ ಮೈಸೂರು ರಸ್ತೆಯ ಕಡೆ ಹೋದರೆ ಅದೇ ಯಂತ್ರದ ಅಂತ್ಯಸಂಸ್ಕಾರ. ಕಂಪನಿಗಳು ಬದಲಾಯಿಸಿ ಬಿಸಾಡಿದ ಮಾನಿಟರು, ಕೀಬೋರ್ಡು, ಸರ್ವರುಗಳು ಗುಜರಿಯವರ ಕೈದಾಟಿ ಗೋರಿಪಾಳ್ಯ, ನಾಯಂಡಹಳ್ಳಿಗಳ ಶೆಡ್ಡುಗಳಿಗೆ ಬಂದವು. ತಾಮ್ರಕ್ಕಾಗಿ ತಂತಿ ಸುಟ್ಟರು, ಚೂರು ಚಿನ್ನಕ್ಕಾಗಿ ಬೋರ್ಡುಗಳನ್ನು ಆಸಿಡ್ಡಿಗೆ ಅದ್ದಿದರು. ಆ ಹೊಗೆ ಕುಡಿದವರಲ್ಲಿ ಹೆಂಗಸರೂ ಇದ್ದರು, ಮಕ್ಕಳೂ ಇದ್ದರು. 2012ರ ಮೇ ತಿಂಗಳಿನಿಂದ ಇ-ತ್ಯಾಜ್ಯ ನಿಯಮಗಳು ಜಾರಿಗೆ ಬಂದವು, 2016ರಲ್ಲಿ, ಮತ್ತೆ 2022ರಲ್ಲಿ ಹೊಸದಾಗಿ ಬರೆಯಲ್ಪಟ್ಟವು. ನೋಂದಾಯಿತ ಸಂಸ್ಥೆಗಳಿಗೇ ತ್ಯಾಜ್ಯ ಕೊಡಬೇಕೆಂಬ ನಿಯಮ ಒಳ್ಳೆಯದೇ. ಆದರೆ ನೋಂದಣಿಗೆ ಬೇಕಾದ ಜಾಗ, ಯಂತ್ರ, ಬಂಡವಾಳ ಯಾವ ಶೆಡ್ಡಿನವನ ಬಳಿ ಇದೆ? ವಿಷ ಕುಡಿದ ಕಸುಬುದಾರ ಕಾನೂನುಬಾಹಿರನಾದ. ಯಂತ್ರ ಬಿಸಾಡಿದವನು ಪರಿಸರ ಪ್ರಶಸ್ತಿ ತೆಗೆದುಕೊಂಡ. ಇದಕ್ಕಿಂತ ಒಳ್ಳೆಯ ಕಥಾವಸ್ತು ಒಬ್ಬ ಕಥೆಗಾರನಿಗೆ ಬೇಕೆ?

ಕನ್ನಡದ ಮುಸ್ಲಿಮ್ ಕಥನ ಇದನ್ನು ಮುಟ್ಟದಿರಲು ಒಂದು ಕಾರಣ ಭೂಗೋಳ. ಬೊಳುವಾರು, ಫಕೀರ್ ಮುಹಮ್ಮದ್ ಕಟ್ಪಾಡಿ, ಸಾರಾ ಅಬೂಬಕ್ಕರ್ ಕರಾವಳಿಯಿಂದ ಬಂದರು. ಬಾನು ಮುಷ್ತಾಕ್ ಹಾಸನದವರು. ಅವರ ಜಮಾತು, ಅವರ ಮನೆಯಂಗಳ ಅಲ್ಲಿನದು. ಬೆಂಗಳೂರಿನ ಮುಸ್ಲಿಮ್ ಮೊಹಲ್ಲಾಗಳು ತಮ್ಮ ಮಾತನ್ನು ಹೆಚ್ಚಾಗಿ ಉರ್ದುವಿನಲ್ಲಿ ಆಡಿದವು. ಮಹಮೂದ್ ಅಯಾಜ್ ಬೆಂಗಳೂರಿನಿಂದ ಹೊರಡಿಸುತ್ತಿದ್ದ 'ಸೌಗಾತ್' ಪತ್ರಿಕೆಯನ್ನು ದಿಲ್ಲಿ, ಲಾಹೋರಿನ ಉರ್ದು ಓದುಗರು ಕಾದು ಓದುತ್ತಿದ್ದರು. ಅದೇ ಊರಿನ ಕನ್ನಡ ನವ್ಯರಿಗೂ ಅವರಿಗೂ ನಡುವೆ ಒಂದು ಬಸ್ಸಿನ ದಾರಿಯಷ್ಟೇ ಇತ್ತು, ಆದರೆ ಆ ಬಸ್ಸು ಹತ್ತಿದವರು ಕಡಿಮೆ. ಉರ್ದು ಶಾಲೆಯ ಬೆಂಚಿನಿಂದ ಎದ್ದು ಕನ್ನಡ ತರಗತಿಗೆ ಹೋದ ನಮ್ಮಂಥವರಿಗೆ ಈ ಅಂತರ ಒಂದೇ ಕಾರಿಡಾರಿನಷ್ಟು. ನಗರಕ್ಕೆ ಮಾತ್ರ ಅದು ಎರಡು ದೇಶಗಳಷ್ಟಾಯಿತು.

ಈ ದೂರ ಎಷ್ಟು ಅಪಾಯಕಾರಿ ಎಂಬುದು 1994ರ ಅಕ್ಟೋಬರಿನಲ್ಲಿ ಗೊತ್ತಾಯಿತು. ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಶುರುಮಾಡಿತು. ಕನ್ನಡಕ್ಕೆ ಅನ್ಯಾಯವಾಯಿತೆಂಬ ಕೂಗು ಎದ್ದು, ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಮೈಸೂರು ರಸ್ತೆಯ ಆಸುಪಾಸಿನ ಮೊಹಲ್ಲಾಗಳಲ್ಲಿ ಆ ವಾರದ ಕರ್ಫ್ಯೂ ನೆನಪಿರುವವರು ಇನ್ನೂ ಇದ್ದಾರೆ. ಅದು ಸಾಫ್ಟ್‌ವೇರ್ ಬೆಂಗಳೂರು ಕಣ್ಣುಬಿಡುತ್ತಿದ್ದ ಕಾಲ. ಆದರೂ ಐಟಿ ನಗರದ ಕಥನದಲ್ಲಿ ಆ ವಾರಕ್ಕೆ ಸಿಕ್ಕ ಜಾಗ ಒಂದು ಅಡಿಟಿಪ್ಪಣಿಯಷ್ಟೂ ಇಲ್ಲ. 2022ರಲ್ಲಿ ಚಾಮರಾಜಪೇಟೆಯ ಈದ್ಗಾ ಮೈದಾನದ ವಿವಾದ ಸುಪ್ರೀಂ ಕೋರ್ಟಿಗೆ ಹೋಗಿ, ಯಥಾಸ್ಥಿತಿಯ ಆದೇಶ ಬರುವವರೆಗೂ ಕ್ಯಾಮೆರಾಗಳು ಅಲ್ಲಿ ಬೀಡುಬಿಟ್ಟವು. ಆಮೇಲೆ ಹೋದವು. ಮೈದಾನದಲ್ಲಿ ಮಕ್ಕಳು ಕ್ರಿಕೆಟ್ ಆಡುವುದನ್ನು ಚಿತ್ರಿಸಲು ಯಾರೂ ಉಳಿಯಲಿಲ್ಲ.

ಇನ್ನೊಂದು ನಷ್ಟವೂ ಸದ್ದಿಲ್ಲದೆ ನಡೆಯಿತು. ಕನ್ನಡಕ್ಕೆ ಬರಹ, ನುಡಿ ತಂತ್ರಾಂಶಗಳು ಬಂದಾಗ ಕೀಲಿಮಣೆಯ ಬಗ್ಗೆ, ಯೂನಿಕೋಡಿನ ಬಗ್ಗೆ ಬಿಸಿ ಚರ್ಚೆಗಳಾದವು, ತೇಜಸ್ವಿಯವರಂಥವರು ದನಿ ಎತ್ತಿದರು, ಸರ್ಕಾರ ಹಣ ಕೊಟ್ಟಿತು. ಅದೇ ವರ್ಷಗಳಲ್ಲಿ ಉರ್ದು ಪತ್ರಿಕೆಗಳಿಗೆ ಇನ್‌ಪೇಜ್ ಬಂತು. ಅಲ್ಲಿಯವರೆಗೆ ಇಡೀ ಪತ್ರಿಕೆಯನ್ನು ರಾತ್ರಿ ಕೂತು ಕೈಯಲ್ಲಿ ಬರೆಯುತ್ತಿದ್ದ ಕಾತಿಬರು ಎದ್ದು ಹೋದರು. ಕೆಲವರು ಮದುವೆ ಪತ್ರಿಕೆ ಬರೆದರು, ಕೆಲವರು ಬೋರ್ಡು ಬರೆದರು, ಫ್ಲೆಕ್ಸ್ ಬಂದ ಮೇಲೆ ಅದೂ ಹೋಯಿತು. ನಸ್ತಾಲೀಕಿನ ಆ ಬಾಗು, ಆ ತೂಗು ಈಗ ಫಾಂಟಿನೊಳಗಿದೆ. ಬರೆದ ಬೆರಳುಗಳ ಲೆಕ್ಕ ಯಾರೂ ಇಡಲಿಲ್ಲ.

ಚೈತ್ರದ ಹುಣ್ಣಿಮೆಯ ರಾತ್ರಿ ಹೊರಡುವ ಕರಗ ಇವತ್ತಿಗೂ ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುತ್ತದೆ. ಇದನ್ನು ಸಾಮರಸ್ಯದ ಸಂಕೇತವೆಂದು ಪ್ರತಿ ವರ್ಷ ಬರೆಯುತ್ತಾರೆ, ನಾವೂ ಬರೆದಿದ್ದೇವೆ. ಆದರೆ ಕರಗ ಬಂದು ಹೋದ ಮೇಲಿನ 364 ದಿನ ಆ ಗಲ್ಲಿಯಲ್ಲಿ ಏನು ನಡೆಯುತ್ತದೆ, ಯಾರು ಯಾರಿಗೆ ಮನೆ ಬಾಡಿಗೆಗೆ ಕೊಡುತ್ತಾರೆ, ಯಾರ ಮಗಳು ಯಾವ ಕಂಪನಿಯ ಎಂಟನೇ ಮಹಡಿಯಲ್ಲಿ ಕೂತು ಕೋಡ್ ಬರೆಯುತ್ತಿದ್ದಾಳೆ, ಅವಳ ಅಣ್ಣ ಎಸ್.ಪಿ. ರೋಡಿನ ಮೆಟ್ಟಿಲ ಮೇಲೆ ಅದೇ ಕಂಪನಿಯ ಹಳೆಯ ಲ್ಯಾಪ್‌ಟಾಪನ್ನು ಹೇಗೆ ಬಿಚ್ಚುತ್ತಿದ್ದಾನೆ ಎಂಬುದು ನಮಗೆ ಕಥೆಯಾಗಿ ಬೇಕು. ಹಾಗೆಯೇ 'ಸೌಗಾತ್'ನ ಹಳೆಯ ಸಂಚಿಕೆಗಳಿಂದ ಆಯ್ದು ಒಂದು ಕನ್ನಡ ಸಂಪುಟವೂ ಬೇಕು. 2025ರಲ್ಲಿ ಬಾನು ಮುಷ್ತಾಕರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅಂತರರಾಷ್ಟ್ರೀಯ ಬೂಕರ್ ಬಂದಾಗ ಕನ್ನಡ ಓದುಗರೆಲ್ಲ ಹೆಮ್ಮೆಪಟ್ಟರು. ಕನ್ನಡದಿಂದ ಇಂಗ್ಲಿಷಿಗೆ ಹೋಗುವ ದಾರಿಗೆ ಈಗ ದೀಪ ಹಚ್ಚಿಯಾಗಿದೆ. ಬೆಂಗಳೂರಿನ ಉರ್ದುವಿನಿಂದ ಬೆಂಗಳೂರಿನ ಕನ್ನಡಕ್ಕೆ ಬರುವ ದಾರಿಯ ಕೆಲಸವನ್ನು ಎತ್ತಿಕೊಳ್ಳಲು ಉರ್ದು ಅಕಾಡೆಮಿ ಇದೆ, ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲೇ ಇದೆ, ಎರಡೂ ಭಾಷೆ ಬಲ್ಲ ಮೇಷ್ಟರುಗಳು ನಿವೃತ್ತರಾಗಿ ಮನೆಯಲ್ಲಿ ಕೂತಿದ್ದಾರೆ.