ಕೋಟಿನೊಳಗಿನ ಆಕ್ಟೋಪಸ್

ಚಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2010ರಲ್ಲಿ ‘ಆಕ್ಟೋಡ್ಯಾಡ್’ ಎಂಬ ಕಂಪ್ಯೂಟರ್ ಆಟ ಮಾಡಿದರು. ಕೋಟು, ಟೈ ತೊಟ್ಟ ಆಕ್ಟೋಪಸ್ಸೊಂದು ಮನುಷ್ಯರ ಮನೆಯಲ್ಲಿ ಗಂಡನಾಗಿ, ಅಪ್ಪನಾಗಿ ಬಾಳುತ್ತದೆ. ಆಡುವವರು ಅದರ ಒಂದೊಂದೇ ಕೈಕಾಲು ಎತ್ತಿಡಬೇಕು. ಎಡವಿದರೆ ನೋಡುವವರ ಅನುಮಾನ ಏರುತ್ತೆ. ತುಂಬಿತೋ, ಆಟ ಮುಗೀತು.

ನಗು ಬರುತ್ತೆ, ನಿಜ. ಆದರೆ ಭೀಮಸಮುದ್ರದ ಅಡಿಕೆ ತೋಟದ ಕೂಲಿಮನೆಗಳಿಂದ ದುರ್ಗಕ್ಕೆ ಓದಲು ಹೋಗಿ, ಬಾಡಿಗೆ ರೂಮು ಹುಡುಕಿದ ನಮಗೆ ಈ ಆಟ ಹೊಸದಲ್ಲ. ‘ನೀವು ಯಾವ ಜನ?’ ಅಂದಾಗ ಹೆಸರಿಗೆ, ಮಾತಿಗೆ, ಉಣ್ಣೋ ಅನ್ನಕ್ಕೂ ಕೋಟು ತೊಡಿಸಿದವರು ನಾವು. ಬಚ್ಚಿಟ್ಟುಕೊಳ್ಳುವುದೂ ಮೈಮುರಿಯುವ ದುಡಿಮೆಯೇ ಎಂಬುದನ್ನು ಈ ಹುಡುಗರು ಆಡುವವರ ಬೆರಳಿಗೇ ಮುಟ್ಟಿಸಿದ್ದಾರೆ. ಅದು ಆಟದ ಗೆಲುವು.

ಸೋಲು ಬೇರೆ ಕಡೆ ಇದೆ. ಅವರಲ್ಲೇ ಕೆಲವರು 2014ರಲ್ಲಿ ತಂದ ಮುಂದಿನ ಭಾಗದಲ್ಲಿ ಕೊಯ್ಯಲು ಬೆನ್ನುಹತ್ತುವವನು ಅಡಿಗೆಭಟ್ಟ ಒಬ್ಬನೇ. ಗುಟ್ಟು ಬಯಲಾದಾಗ ಹೆಂಡತಿ ಒಪ್ಪಿಕೊಳ್ಳುತ್ತಾಳೆ. ಸುಖಾಂತ! 1917ರಲ್ಲಿ ಬಾಬಾಸಾಹೇಬರು ಬರೋಡದಲ್ಲಿ ಪಾರ್ಸಿ ಹೆಸರು ಹೇಳಿ ಪಾರ್ಸಿಗಳ ಛತ್ರದಲ್ಲಿ ತಂಗಿದ್ದರು. ಗುಟ್ಟು ಬಯಲಾದಾಗ ಬಂದದ್ದು ದೊಣ್ಣೆ ಹಿಡಿದ ಗುಂಪು. ಕೊಲಂಬಿಯಾದ ಓದೂ ಕಾಯಲಿಲ್ಲ.

ಅನುಮಾನದ ಲೆಕ್ಕ ಇಡುವ ಆಟ, ಅನುಮಾನಿಸುವವರನ್ನು ಲೆಕ್ಕ ಕೇಳುವುದಿಲ್ಲ. ನಮ್ಮ ಕಾಲೇಜುಗಳ ಹುಡುಗ ಹುಡುಗಿಯರು ಆಟ ಕಟ್ಟುವುದಾದರೆ ಮನೆ ಮಾಲೀಕನನ್ನೇ ಆಡಿಸಲಿ. ಅವನು ಕೇಳುವ ಒಂದೊಂದು ಪ್ರಶ್ನೆಗೂ ಅವನದೇ ಕೋಟಿನ ಒಂದೊಂದು ಗುಂಡಿ ಬಿಚ್ಚಿಕೊಳ್ಳಲಿ.