ಪ್ರೋಟೀನು ಕುಲಕೋಶಗಳಲ್ಲಿ ಅರ್ಥನಿರ್ಣಯ

ಕೋಶವೆಂಬುದು ಶಬ್ದಗಳ ರಾಶಿಯಲ್ಲ. ಯಾವ ಶಬ್ದವನ್ನು ಯಾವ ವರ್ಗದಲ್ಲಿಟ್ಟರೆ ಅದರ ಅರ್ಥವು ತಿಳಿದುಬರುವುದೋ ಆ ವಿವೇಕದ ಫಲವದು. ಅಮರಸಿಂಹನ ಕಾಂಡವರ್ಗಗಳನ್ನು ಬಾಲ್ಯದಲ್ಲಿ ಕಂಠಸ್ಥ ಮಾಡಿದವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಜೀವರಸಾಯನ ಶಾಸ್ತ್ರಜ್ಞರು ಪ್ರೋಟೀನುಗಳಿಗೂ ಇಂತಹ ಕೋಶಗಳನ್ನು ರಚಿಸಿ ಗಣಕಯಂತ್ರಗಳಲ್ಲಿ ಇರಿಸಿರುವರು. ಅವರು ಇವನ್ನು ಉಪಕರಣಗಳೆಂದು ಎಣಿಸುವುದೇ ಹೆಚ್ಚು. ನಾವು ಇವನ್ನು ಕೋಶಗಳೆಂದೇ ಗ್ರಹಿಸಿ, ಕೋಶಕ್ಕೆ ತಕ್ಕ ಪರೀಕ್ಷೆಗೆ ಒಡ್ಡಿ ನೋಡೋಣ.

ಪ್ರೋಟೀನೆಂಬುದು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಒಂದೊಂದು ಆಮ್ಲಕ್ಕೆ ಒಂದೊಂದು ಅಕ್ಷರವನ್ನು ಸಂಕೇತಿಸಿದರೆ ಸರವು ಅಕ್ಷರಪಂಕ್ತಿಯಾಗುವುದು. ಅಮೆರಿಕದ ಮಾರ್ಗರೆಟ್ ಡೇಹಾಫ್ ಎಂಬ ವಿದುಷಿಯು 1965ರಲ್ಲಿ ಅಂದಿಗೆ ತಿಳಿದಿದ್ದ 65 ಪಂಕ್ತಿಗಳನ್ನು ಗ್ರಂಥರೂಪವಾಗಿ ಸಂಗ್ರಹಿಸಿದಳು. ಮಹಾಕುಲವೆಂಬ ಸಂಜ್ಞೆಯೂ ಆಕೆಯದೇ. ಆ ಬಳಿಕ ಜಿನೀವಾದ ಆಮೋಸ್ ಬೈರೋಕನು 1980ರ ದಶಕದ ಕೊನೆಗೆ ಪ್ರೋಸೈಟ್ ಎಂಬ ಕೋಶವನ್ನು ಆರಂಭಿಸಿದನು. ಇದರ ಮಾರ್ಗವು ಲಕ್ಷಣಮಾರ್ಗ. ಉದಾಹರಣೆಗೆ: ಮೊದಲು ಅಲನೀನ್ ಇಲ್ಲವೆ ಗ್ಲೈಸೀನ್, ಅನಂತರ ಯಾವುವಾದರೂ ನಾಲ್ಕು, ಆಮೇಲೆ ಗ್ಲೈಸೀನ್, ಲೈಸೀನ್, ಕಡೆಗೆ ಸೆರೀನ್ ಇಲ್ಲವೆ ಥ್ರಿಯೋನೀನ್, ಇಷ್ಟು ಕಂಡರೆ ಅದು ಎ.ಟಿ.ಪಿ. ಎಂಬ ಶಕ್ತಿದ್ರವ್ಯವನ್ನು ಹಿಡಿಯತಕ್ಕ ಪ್ರೋಟೀನೆಂದು ಊಹಿಸಬಹುದು. ಸೂತ್ರದಂತೆ ಅಲ್ಪಾಕ್ಷರವಾದ ಈ ಲಕ್ಷಣವು ಮನೋಹರವಾಗಿಯೇ ಇದೆ. ಆದರೆ ಹೀಗೆ ಚಿಕ್ಕದಾದುದರಿಂದಲೇ ಸಂಬಂಧವಿಲ್ಲದ ಪ್ರೋಟೀನುಗಳಲ್ಲಿಯೂ ಆಕಸ್ಮಿಕವಾಗಿ ತೋರುವುದು, ಎ.ಟಿ.ಪಿ.ಯನ್ನು ಹಿಡಿಯುವ ಕೆಲವು ಪ್ರೋಟೀನುಗಳಲ್ಲಿ ತೋರದೆಯೂ ಹೋಗುವುದು. ನಮ್ಮ ತಾರ್ಕಿಕರು ಹೇಳುವ ಅತಿವ್ಯಾಪ್ತಿ, ಅವ್ಯಾಪ್ತಿಗಳೆರಡೂ ಒಂದೇ ಕಡೆ ಕುಳಿತಿವೆ. ಕೋಶಕಾರರು ಇದನ್ನು ಮರೆಮಾಚದೆ ಆ ಲಕ್ಷಣದ ಟಿಪ್ಪಣಿಯಲ್ಲಿಯೇ ಒಪ್ಪಿರುವುದು ಅವರಿಗೆ ಗೌರವ.

ಈ ದೋಷಗಳ ಪರಿಹಾರಾರ್ಥವಾಗಿ ಹುಟ್ಟಿದುದು ಫ್ಯಾಮ್ ಕೋಶ. ಸೊನ್‌ಹಾಮರ್, ಎಡ್ಡಿ, ಡರ್ಬಿನ್ ಎಂಬ ಮೂವರು ಇದನ್ನು 1997ರಲ್ಲಿ ಪ್ರಕಟಿಸಿದಾಗ ಇನ್ನೂರಕ್ಕೆ ಕಡಮೆಯಾಗಿದ್ದ ಕುಲಗಳು ಈಗ 20,000ವನ್ನು ಮೀರಿವೆ. ಇದರ ಕ್ರಮವು ಪಾಠಸಂಪಾದನೆ ಮಾಡಿದವರಿಗೆ ಕೂಡಲೆ ಹೊಳೆಯುವಂತಹುದು. ಒಂದೇ ಕುಲದವೆಂದು ನಿಶ್ಚಯವಾದ ಕೆಲವು ಪಂಕ್ತಿಗಳನ್ನು, ಒಂದು ಕಾವ್ಯದ ಓಲೆಪ್ರತಿಗಳಂತೆ, ಒಂದರ ಕೆಳಗೊಂದು ಜೋಡಿಸುವರು. ಇದಕ್ಕೆ ಬೀಜಪಂಕ್ತಿಗಳೆಂದು ಹೆಸರು. ಯಾವ ಸ್ಥಾನದಲ್ಲಿ ಯಾವ ಅಕ್ಷರವು ಎಷ್ಟು ಸಲ ಬರುವುದು, ಎಲ್ಲಿ ಅಕ್ಷರಲೋಪವುಂಟು, ಎಲ್ಲಿ ಪ್ರಕ್ಷೇಪವುಂಟು ಎಂಬುದನ್ನು ಗಣಿತದಿಂದ ಅಳೆದು ಕುಲಕ್ಕೆ ಒಂದು ಪ್ರತಿಮಾನವನ್ನು ಕಟ್ಟುವರು. ಹೊಸ ಪಂಕ್ತಿಯೊಂದು ಬಂದಾಗ ಆ ಪ್ರತಿಮಾನಕ್ಕೆ ಎಷ್ಟರಮಟ್ಟಿಗೆ ಹೊಂದುವುದೆಂದು ನೋಡಿ, ಒಂದೊಂದು ಕುಲಕ್ಕೂ ಬೇರೆಯಾಗಿ ಗೊತ್ತುಮಾಡಿದ ಮಿತಿಯನ್ನು ದಾಟಿದರೆ ಮಾತ್ರ ಒಳಕ್ಕೆ ಸೇರಿಸುವರು. ಏಕಲಕ್ಷಣವನ್ನು ಬಿಟ್ಟು ಸಮಗ್ರ ಪಾಠಪರಂಪರೆಯನ್ನು ಪ್ರಮಾಣವಾಗಿ ಹಿಡಿದುದು ದೊಡ್ಡ ಹೆಜ್ಜೆ. ವಂಶನಿರ್ಣಯದಲ್ಲಿ ಈ ಕೋಶವನ್ನು ಆಕ್ಷೇಪಿಸಲು ಹೆಚ್ಚೇನೂ ದೊರೆಯದು.

ಆದರೆ ಈ ಕೋಶವನ್ನು ತೆರೆಯುವವನಿಗೆ ಬೇಕಾದುದು ವಂಶವಲ್ಲ, ವೃತ್ತಿ: ಈ ಪ್ರೋಟೀನು ದೇಹದಲ್ಲಿ ಮಾಡುವ ಕೆಲಸವೇನು? ಇಲ್ಲಿಯೇ ವಿಚಾರಕ್ಕೆ ಎಡೆ. ಕುಲಸಾದೃಶ್ಯವು ಹೇತು, ವೃತ್ತಿಸಾಮ್ಯವು ಸಾಧ್ಯ ಎಂದು ಅನುಮಾನವನ್ನು ಹೂಡಿದರೆ ಹೇತುವು ವ್ಯಭಿಚರಿಸುವುದು. ಕೋಳಿಮೊಟ್ಟೆಯ ಬಿಳಿಯಲ್ಲಿಯೂ ನಮ್ಮ ಕಣ್ಣೀರಿನಲ್ಲಿಯೂ ಇರುವ ಲೈಸೊಜೈಮ್ ಬ್ಯಾಕ್ಟೀರಿಯಗಳ ಹೊರಗೋಡೆಯನ್ನು ಸೀಳತಕ್ಕದ್ದು. ಹಾಲಿನಲ್ಲಿರುವ ಆಲ್ಫಾ ಲ್ಯಾಕ್ಟಾಲ್ಬುಮಿನ್ ಏನನ್ನೂ ಸೀಳದು. ಮತ್ತೊಂದು ಪ್ರೋಟೀನಿಗೆ ಸಹಾಯವಾಗಿ ನಿಂತು ಹಾಲಿನ ಸಕ್ಕರೆಯನ್ನು ಕಟ್ಟಿಸುವುದು. ಇವೆರಡರ ಅಕ್ಷರಪಂಕ್ತಿಗಳು ನೂರಕ್ಕೆ ಸುಮಾರು 40ರಷ್ಟು ಒಂದೇ ಎಂಬುದನ್ನು 1967ರಲ್ಲಿ ಬ್ರೂ, ವನಾಮನ್, ಹಿಲ್ ಎಂಬವರು ತೋರಿಸಿದರು. ಆಕೃತಿಯೂ ಬಹುಮಟ್ಟಿಗೆ ಒಂದೇ. ಆದರೆ ಸೀಳುವ ಕೆಲಸಕ್ಕೆ ಅವಶ್ಯವಾದ 35ನೆಯ ಸ್ಥಾನದ ಗ್ಲುಟಮಿಕ್ ಆಮ್ಲವು ಹಾಲಿನ ಪ್ರೋಟೀನಿನಲ್ಲಿ ಇಲ್ಲ. ಒಂದೇ ಧಾತು, ಅರ್ಥ ಬೇರೆ! ಗೋವಿನಂತೆ ಇರುವುದು ಗವಯವೆಂದು ಕೇಳಿದವನು ಕಾಡಿನಲ್ಲಿ ಅದನ್ನು ಗುರುತಿಸಬಲ್ಲನೇ ಹೊರತು ಕರೆಯಲು ತಂಬಿಗೆ ಹಿಡಿದು ಹೋಗಲಾರನು. ಫ್ಯಾಮ್ ಕೋಶಕಾರರು ಈ ಕುಲಕ್ಕೆ ಎರಡು ಹೆಸರುಗಳನ್ನೂ ಜೋಡಿಸಿ ಇಟ್ಟು ಜಾಣತನವನ್ನು ತೋರಿರುವರು. ಬಾತುಕೋಳಿಯ ಕಣ್ಣಿನ ಮಸೂರದಲ್ಲಿ ಬೆಳಕನ್ನು ಹಾಯಿಸುವ ಪ್ರೋಟೀನೊಂದು ಲ್ಯಾಕ್ಟೇಟ್ ಡಿಹೈಡ್ರೊಜನೇಸ್ ಎಂಬ ಕಿಣ್ವವೇ ಎಂದು 1987ರಲ್ಲಿ ತಿಳಿದುಬಂತು. ಇದು ಶುದ್ಧ ಶ್ಲೇಷೆ; ಏಕಾರ್ಥಕೋಶದಲ್ಲಿ ಇದಕ್ಕೆ ಸ್ಥಳವೆಲ್ಲಿ?

ಉದಾಹರಣೆಗಳು ಅಪರೂಪವೆಂದು ಪೂರ್ವಪಕ್ಷಿಯು ಹೇಳಬಹುದು. ಆರು ಕಿಣ್ವಮಹಾಕುಲಗಳನ್ನು ಶೋಧಿಸಿ 2009ರಲ್ಲಿ ಪ್ರಕಟವಾದ ಒಂದು ಪ್ರಬಂಧವು ಇದಕ್ಕೆ ಉತ್ತರ: ಪಂಡಿತರು ಕೈಯಿಂದ ತಿದ್ದಿದ ಸ್ವಿಸ್‌ಪ್ರಾಟ್ ಕೋಶದಲ್ಲಿ ಬಹುಪಾಲು ಕುಲಗಳಿಗೆ ತಪ್ಪು ಇಲ್ಲವೆನ್ನುವಷ್ಟು ಕಡಮೆ, ಯಂತ್ರದಿಂದ ಅರ್ಥವನ್ನು ಹಂಚಿದ ಇತರ ಸಂಗ್ರಹಗಳಲ್ಲಿ ಕೆಲವು ಮಹಾಕುಲಗಳ ಅರ್ಧಕ್ಕೂ ಮಿಕ್ಕು ಹೇಳಿಕೆಗಳು ತಪ್ಪು. ಒಬ್ಬನು ಊಹಿಸಿ ಬರೆದ ಅರ್ಥವನ್ನು ಮತ್ತೊಬ್ಬನು ಆಪ್ತವಾಕ್ಯವೆಂದು ನಕಲುಮಾಡಿ, ಅದರಿಂದ ಮೂರನೆಯವನು ಊಹಿಸುವುದಾದರೆ ಅದು ಅಂಧಪರಂಪರಾನ್ಯಾಯವೇ ಸರಿ.

ಆದುದರಿಂದ ಅರ್ಥದ ಪಕ್ಕದಲ್ಲಿ ಪ್ರಮಾಣವನ್ನೂ ಬರೆಯತಕ್ಕದ್ದು. 1998ರಲ್ಲಿ ಮೊದಲಾದ ಜೀನ್ ಆಂಟಾಲಜಿಯು ಹೀಗೆ ಮಾಡುತ್ತಿದೆ. ಪ್ರಯೋಗದಿಂದ ನೇರವಾಗಿ ಕಂಡುದಕ್ಕೆ ಒಂದು ಚಿಹ್ನೆ, ಪಂಕ್ತಿಸಾದೃಶ್ಯದಿಂದ ಊಹಿಸಿದುದಕ್ಕೆ ಒಂದು, ಗ್ರಂಥಕಾರರ ವಚನಕ್ಕೆ ಒಂದು, ಕೇವಲ ಯಂತ್ರವು ಹಾಕಿದುದಕ್ಕೆ ಬೇರೆಯೇ ಒಂದು. ನ್ಯಾಯಶಾಸ್ತ್ರದ ಗಂಧವೇ ಇಲ್ಲದವರು ಪ್ರಮಾಣಭೇದಕ್ಕೆ ತಾವಾಗಿಯೇ ಬಂದು ಮುಟ್ಟಿರುವುದು ಸಂತೋಷದ ಸಂಗತಿ. ಕೊರತೆ ಎಲ್ಲಿಯೆಂದರೆ, ಓದುವವರು ಅರ್ಥವನ್ನು ಎತ್ತಿಕೊಂಡು ಚಿಹ್ನೆಯನ್ನು ಅಲ್ಲಿಯೇ ಬಿಟ್ಟು ಬರುವರು.

ಇದಕ್ಕಿಂತಲೂ ಶ್ಲಾಘ್ಯವೆಂದು ನನಗೆ ತೋರುವುದು ಫ್ಯಾಮ್ ಕೋಶದ ಅಜ್ಞಾತವೃತ್ತಿ ಕುಲಗಳು. ಅರ್ಥವು ತಿಳಿಯದ ಸಾವಿರಾರು ಕುಲಗಳಿಗೆ ‘ಡಫ್’ ಎಂಬ ಸಂಜ್ಞೆಯನ್ನೂ ಒಂದು ಅಂಕಿಯನ್ನೂ ಕೊಟ್ಟು ಸುಮ್ಮನಾಗಿರುವರು. ಮಂತ್ರಗಳು ಅನರ್ಥಕವೆಂದ ಕೌತ್ಸನ ಮಾರ್ಗವಲ್ಲ ಇದು. ಅರ್ಥವುಂಟು, ನಮಗೆ ತಿಳಿಯದು ಎಂಬ ಯಾಸ್ಕನ ಮಾರ್ಗ. ಡಫ್ 1, ಡಫ್ 2 ಎಂದಿದ್ದ ಕುಲಗಳ ಪೈಕಿ ಒಂದು ಬ್ಯಾಕ್ಟೀರಿಯಗಳಲ್ಲಿ ಒಂದು ಸಂದೇಶವಾಹಕ ಅಣುವನ್ನು ಕಟ್ಟುವುದೆಂದೂ, ಇನ್ನೊಂದು ಅದನ್ನೇ ಒಡೆಯುವುದೆಂದೂ ಮುಂದೆ ಗೊತ್ತಾಯಿತು. ಅಂದೇ ಯಾರಾದರೂ ಊಹೆಯ ಅರ್ಥವನ್ನು ಅಂಟಿಸಿದ್ದರೆ ಹುಡುಕುವವರು ಯಾರು?

ಆಲ್ಫಾಫೋಲ್ಡ್ ಎಂಬ ಗಣಕವಿಧಾನವು 2022ರ ವೇಳೆಗೆ 20 ಕೋಟಿಗೂ ಮಿಕ್ಕ ಪ್ರೋಟೀನುಗಳ ಆಕೃತಿಯನ್ನು ಊಹಿಸಿಕೊಟ್ಟಿರುವುದರಿಂದ ಇನ್ನು ಕುಲಕೋಶಗಳೇಕೆ ಎಂಬ ಮಾತುಂಟು. ಲೈಸೊಜೈಮಿನ ಉದಾಹರಣೆಯೇ ಇದಕ್ಕೆ ಸಾಕು. ಆಕೃತಿ ತಿಳಿದೊಡನೆ ವೃತ್ತಿ ತಿಳಿಯಲಿಲ್ಲ. 2023ರ ಜನವರಿಯಲ್ಲಿ ಫ್ಯಾಮ್ ತನ್ನ ಪ್ರತ್ಯೇಕ ಮನೆಯನ್ನು ಬಿಟ್ಟು, ಅನೇಕ ಕೋಶಗಳ ಸಮುಚ್ಚಯವಾದ ಇಂಟರ್‌ಪ್ರೋದೊಳಗೆ ಸೇರಿತು. ಈಚೆಗೆ ಆ ಸಮುಚ್ಚಯದಲ್ಲಿ ಭಾಷಾಯಂತ್ರಗಳು ಬರೆದ ಕುಲವಿವರಣೆಗಳೂ ಕಾಣಿಸಿಕೊಂಡಿವೆ. ಅವುಗಳ ಮೇಲೆ ಯಂತ್ರರಚಿತವೆಂಬ ಗುರುತನ್ನೂ, ಪರಿಶೋಧಕರು ನೋಡಿರುವರೋ ಇಲ್ಲವೋ ಎಂಬುದನ್ನೂ ಹಾಕಿರುವರು. ಇದು ಪ್ರತ್ಯಕ್ಷವಲ್ಲ, ಅನುಮಾನವಲ್ಲ. ಆಪ್ತನೇ ಇಲ್ಲದ ಶಬ್ದ. ಇದನ್ನು ಯಾವ ಪ್ರಮಾಣದಲ್ಲಿ ಸೇರಿಸತಕ್ಕದ್ದೆಂಬುದನ್ನು ಆ ಕೋಶಕಾರರೇ ಮೊದಲು ನಿರ್ಣಯಿಸಬೇಕು.