95 ಡಿಗ್ರಿ ಎಂದರೆ ರೋಗವೇ?

ಹೊಸ ಗ್ರಾಫಿಕ್ಸ್ ಕಾರ್ಡನ್ನು ಕಂಪ್ಯೂಟರಿಗೆ ಜೋಡಿಸಿದ ದಿನ ಬಹುಮಂದಿ ಮಾಡುವ ಕೆಲಸ ಒಂದೇ. ಪರೀಕ್ಷಾ ತಂತ್ರಾಂಶವೊಂದನ್ನು ಹತ್ತು ನಿಮಿಷ ಓಡಿಸಿ, ತೆರೆಯ ಮೂಲೆಯಲ್ಲಿ ಕಾಣುವ ಉಷ್ಣತೆಯನ್ನು ನೋಡುತ್ತಾರೆ. 70° ಸೆ. ಇದ್ದರೆ ನೆಮ್ಮದಿ, 90° ದಾಟಿದರೆ ಗಾಬರಿ. ಹಲವು ವಿಮರ್ಶೆಗಳೂ ಇದೇ ಜಾಡಿನಲ್ಲಿ ನಡೆದಿವೆ: ಒಂದು ಸ್ತಂಭಾಲೇಖ, ಅದರಲ್ಲಿ ಒಂದು ಅಂಕಿ, ಕೆಳಗೆ ತೀರ್ಪು. ಈ ಪದ್ಧತಿ ಎಷ್ಟು ಸರಿ? ಇಂಥ ಕಾರ್ಡು ಇಂದು ಆಟಕ್ಕೆ ಮಾತ್ರವಲ್ಲ, ಕಾಲೇಜಿನ ಪ್ರಯೋಗಾಲಯದ ಲೆಕ್ಕಾಚಾರಗಳಿಗೂ ಬೇಕು. ತಪ್ಪಾಗಿ ಅಳೆದರೆ ನೀವು ಒಳ್ಳೆಯ ಕಾರ್ಡನ್ನು ಹಿಂದಿರುಗಿಸಬಹುದು. ಇಲ್ಲವೇ ದೋಷವುಳ್ಳದ್ದನ್ನು ವಾರಂಟಿ ಮುಗಿಯುವವರೆಗೂ ಸುಮ್ಮನೆ ಇಟ್ಟುಕೊಳ್ಳಬಹುದು. ಎರಡು ನಿಜ ಪ್ರಸಂಗಗಳನ್ನು ಗಮನಿಸಿ.

2013ರ ಅಕ್ಟೋಬರಿನಲ್ಲಿ ಎಎಮ್‌ಡಿ ಕಂಪೆನಿ ರೇಡಿಯಾನ್ ಆರ್9 290ಎಕ್ಸ್ ಎಂಬ ಕಾರ್ಡನ್ನು ಬಿಡುಗಡೆ ಮಾಡಿತು. ಹೊರೆ ಬಿದ್ದಾಗ ಅದರ ಚಿಪ್ಪಿನ ಉಷ್ಣತೆ 95° ಸೆ.ಗೆ ಏರಿ ಅಲ್ಲಿಯೇ ನಿಲ್ಲುತ್ತಿತ್ತು. ಅನೇಕರು ಇದನ್ನು ದೋಷವೆಂದೇ ಭಾವಿಸಿದರು. ವಾಸ್ತವವಾಗಿ 95° ಎಂಬುದು ವಿನ್ಯಾಸಕಾರರೇ ಗೊತ್ತುಪಡಿಸಿದ ಮಟ್ಟ. ಅಲ್ಲಿಗೆ ತಲುಪಿದೊಡನೆ ಕಾರ್ಡು ಮೊದಲು ಫ್ಯಾನಿನ ವೇಗವನ್ನು ಅದಕ್ಕೆ ವಿಧಿಸಿದ ಮಿತಿಯವರೆಗೆ ಹೆಚ್ಚಿಸುತ್ತದೆ. ಅದೂ ಸಾಲದಾದರೆ ಚಿಪ್ಪಿನ ಆವೃತ್ತಿಯನ್ನು ಇಳಿಸುತ್ತದೆ.

ಅಡುಗೆಮನೆಯ ಪ್ರೆಷರ್ ಕುಕ್ಕರನ್ನು ನೆನಪಿಸಿಕೊಳ್ಳಿ. ವಿಷಲ್ ಬರುವಾಗ ಒಳಗಿನ ಉಷ್ಣತೆ ಸುಮಾರು 120° ಸೆ. ಒಲೆಯ ಉರಿ ಹೆಚ್ಚಿಸಿದರೂ ಅದು ಅಷ್ಟೇ ಇರುತ್ತದೆ, ಏಕೆಂದರೆ ಅದನ್ನು ನಿರ್ಧರಿಸುವುದು ಮೇಲಿನ ತೂಕ. ಉರಿ ಎಷ್ಟಿದೆ ಎಂದು ತಿಳಿಯಬೇಕಾದರೆ ವಿಷಲ್‌ಗಳನ್ನು ಎಣಿಸಬೇಕು. ಹಾಗೆಯೇ ನಿಯಂತ್ರಿತ ಉಷ್ಣತೆಯುಳ್ಳ ಕಾರ್ಡಿನಲ್ಲಿ ತೊಂದರೆಯ ಸುಳಿವು ಉಷ್ಣತೆಯಲ್ಲಿ ಸಿಗುವುದಿಲ್ಲ. ಆವೃತ್ತಿಯಲ್ಲಿ ಮತ್ತು ಫ್ಯಾನಿನ ವೇಗದಲ್ಲಿ ಸಿಗುತ್ತದೆ.

ಮುಂದೆ ನಡೆದದ್ದು ಇದಕ್ಕೆ ಸಾಕ್ಷಿ. ವಿಮರ್ಶಕರಿಗೆ ಕಳಿಸಿದ ಕಾರ್ಡುಗಳಿಗಿಂತ ಅಂಗಡಿಯಲ್ಲಿ ಕೊಂಡ ಕೆಲವು ಕಾರ್ಡುಗಳು ನಿಧಾನವಾಗಿರುವುದು ಅದೇ ನವೆಂಬರಿನಲ್ಲಿ ಕಂಡುಬಂತು. ಎರಡೂ ಗುಂಪುಗಳ ಗುರಿ ಅದೇ 95°! ವ್ಯತ್ಯಾಸವಿದ್ದದ್ದು ಫ್ಯಾನಿನಲ್ಲಿ. ವೇಗದ ಮಿತಿಯನ್ನು ಶೇಕಡಾವಾರಿನಲ್ಲಿ ಹೇಳಿದ್ದರಿಂದ, ಅದೇ ಶೇಕಡಾವಾರಿಗೆ ಒಂದೊಂದು ಫ್ಯಾನು ಒಂದೊಂದು ವೇಗದಲ್ಲಿ ತಿರುಗುತ್ತಿತ್ತು. ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕದಲ್ಲಿ ವೇಗವನ್ನು ನಿಯಂತ್ರಿಸುವ ಹೊಸ ಚಾಲಕ ತಂತ್ರಾಂಶವನ್ನು ಕಂಪೆನಿ ಹೊರತರಬೇಕಾಯಿತು. ಉಷ್ಣತೆಯೊಂದನ್ನೇ ಬರೆದಿಟ್ಟುಕೊಂಡವರಿಗೆ ಈ ವ್ಯತ್ಯಾಸ ಕಾಣುವಂತೆಯೇ ಇರಲಿಲ್ಲ.

ಎರಡನೆಯ ಪ್ರಸಂಗ ಇದಕ್ಕೆ ತದ್ವಿರುದ್ಧ. 2022ರ ಡಿಸೆಂಬರಿನಲ್ಲಿ ಬಂದ ಅದೇ ಕಂಪೆನಿಯ ಆರ್‌ಎಕ್ಸ್ 7900 ಎಕ್ಸ್‌ಟಿಎಕ್ಸ್ ಕಾರ್ಡುಗಳಲ್ಲಿ ಕೆಲವು, ಚಿಪ್ಪಿನ ಸಾಧಾರಣ ಉಷ್ಣತೆಯನ್ನು ಗಾಬರಿಪಡಿಸದ ಮಟ್ಟದಲ್ಲೇ ತೋರಿಸುತ್ತಿದ್ದವು. ಆದರೆ ಚಿಪ್ಪಿನ ಅತಿ ಬಿಸಿಯಾದ ಬಿಂದು 110° ಸೆ. ಮುಟ್ಟಿ, ಆವೃತ್ತಿ ಕುಸಿದು, ಫ್ಯಾನು ಅಬ್ಬರಿಸುತ್ತಿತ್ತು. ಈ ಕಾರ್ಡಿನ ಶೈತ್ಯಕದಲ್ಲಿ ಒಂದು ಆವಿಕೋಶವಿದೆ. ಅದರೊಳಗಿನ ಸ್ವಲ್ಪ ನೀರು ಚಿಪ್ಪಿನ ಬಳಿ ಆವಿಯಾಗಿ, ತಂಪಾದ ಕಡೆ ಸಾಂದ್ರೀಕರಿಸಿ ಹಿಂದಿರುಗುತ್ತ ಶಾಖವನ್ನು ಸಾಗಿಸುತ್ತದೆ. ಕೆಲವು ಆವಿಕೋಶಗಳಲ್ಲಿ ಸಾಕಷ್ಟು ನೀರು ಇರಲಿಲ್ಲವೆಂದು 2023ರ ಜನವರಿಯಲ್ಲಿ ಕಂಪೆನಿಯೇ ಒಪ್ಪಿಕೊಂಡಿತು. ಇಲ್ಲಿ ಕಾಯಿಲೆ ನಿಜ. ಮೂಲೆಯ ಒಂದು ಅಂಕಿ ಮಾತ್ರ ಸುಳ್ಳು ಸಮಾಧಾನ ಹೇಳುತ್ತಿತ್ತು.

ಇನ್ನು ಪರೀಕ್ಷಾ ತಂತ್ರಾಂಶಗಳ ಮಾತು. ರೋಮ ತುಂಬಿದ ಉಂಗುರವೊಂದನ್ನು ತೆರೆಯ ಮೇಲೆ ತಿರುಗಿಸುವ ಫರ್‌ಮಾರ್ಕ್ ಬಹಳ ಪ್ರಸಿದ್ಧ. ಸಾಮಾನ್ಯ ಆಟಗಳು ಹೇರದಷ್ಟು ಹೊರೆಯನ್ನು ಅದು ಹೇರುತ್ತದೆ. ಶೈತ್ಯಕ ಮತ್ತು ವಿದ್ಯುತ್ ಪೂರೈಕೆಯ ತಾಳಿಕೆಯನ್ನು ನೋಡಲು ಅದು ಉಪಯುಕ್ತ, ನಿಜ. ಆದರೆ 2010ರ ನವೆಂಬರಿನಲ್ಲಿ ಬಂದ ಎನ್‌ವಿಡಿಯಾದ ಜಿಟಿಎಕ್ಸ್ 580, ಈ ತಂತ್ರಾಂಶ ಓಡುತ್ತಿರುವುದನ್ನು ಗುರುತಿಸಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತಿತ್ತು. ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ತರಗತಿ ಶಾಂತವಾಗಿರುವಂತೆ! ಅಂಥ ಪರೀಕ್ಷೆಯಲ್ಲಿ ಕಡಿಮೆ ಉಷ್ಣತೆ ಬಂದರೆ ಅದು ಶೈತ್ಯಕದ ಗುಣವೇ, ಕಾರ್ಡು ಹಿಂಜರಿದುದರ ಫಲವೇ? ಅಂಕಿಯೊಂದರಿಂದ ಹೇಳಲಾಗದು.

ವಿಮರ್ಶಕರ ಅಂಕಿಯನ್ನು ನಿಮ್ಮದರ ಜೊತೆ ನೇರವಾಗಿ ಹೋಲಿಸುವುದೂ ತಪ್ಪು. ಫ್ಯಾನಿನ ವೇಗ ಸ್ಥಿರವಾಗಿದ್ದರೆ, ಚಿಪ್ಪಿನ ಉಷ್ಣತೆಯು ಕೋಣೆಯ ಉಷ್ಣತೆಗಿಂತ ಎಷ್ಟು ಹೆಚ್ಚು ಎಂಬುದು ಅದು ಬಳಸುವ ವಿದ್ಯುತ್ ಸಾಮರ್ಥ್ಯಕ್ಕೆ ಸುಮಾರಾಗಿ ಅನುಪಾತದಲ್ಲಿರುತ್ತದೆ. ಉದಾಹರಣೆಗೆ, ವ್ಯಾಟ್‌ಗೆ 0.2 ಡಿಗ್ರಿಯಂತೆ 250 ವ್ಯಾಟ್‌ಗೆ 50 ಡಿಗ್ರಿ ಏರಿಕೆ ಎಂದಿಟ್ಟುಕೊಳ್ಳಿ. 22° ಇರುವ ಹವಾನಿಯಂತ್ರಿತ ಕೋಣೆಯಲ್ಲಿ ಕಾರ್ಡು 72° ತೋರಿಸುತ್ತದೆ. ಮೇ ತಿಂಗಳ ರಾಯಚೂರಿನಲ್ಲಿ 36° ಇರುವ ಕೋಣೆಯಲ್ಲಿ 86°. ಕಾರ್ಡಿನ ಆರೋಗ್ಯ ಎರಡರಲ್ಲೂ ಒಂದೇ.

ಹಾಗಾದರೆ ಏನು ಮಾಡಬೇಕು? ನಾಲ್ಕು ಅಳತೆಗಳನ್ನು ಒಟ್ಟಿಗೆ, ಕಾಲದ ಎದುರು ದಾಖಲಿಸಿ: ಉಷ್ಣತೆ, ಆವೃತ್ತಿ, ವಿದ್ಯುತ್ ಸಾಮರ್ಥ್ಯ, ಫ್ಯಾನಿನ ವೇಗ. ಜಿಪಿಯು-ಝಡ್‌ನಂಥ ಉಚಿತ ತಂತ್ರಾಂಶ ಇವನ್ನು ಕಡತಕ್ಕೆ ಬರೆದುಕೊಡುತ್ತದೆ. ಹೊರೆ ನೀವು ದಿನವೂ ಮಾಡುವ ಕೆಲಸದ್ದೇ ಆಗಿರಲಿ. ಅರ್ಧ ಗಂಟೆಯಾದರೂ ನಡೆಯಲಿ. ಕೋಣೆಯ ಉಷ್ಣತೆಯನ್ನೂ ಬರೆದಿಡಿ. ರೇಖೆಗಳು ಏರಿ ಸಮತಟ್ಟಾದ ಮೇಲೆ ಆವೃತ್ತಿ ತಯಾರಕರು ಹೇಳಿದ ಮಟ್ಟದಲ್ಲಿದ್ದರೆ, ಫ್ಯಾನು ಪೂರ್ಣ ವೇಗಕ್ಕೆ ಹೋಗದಿದ್ದರೆ, ಚಿತ್ರದಲ್ಲಿ ಚುಕ್ಕೆ, ಗೆರೆಗಳು ಮೂಡದಿದ್ದರೆ, ಮರುದಿನವೂ ಅದೇ ಫಲ ಬಂದರೆ ಕಾರ್ಡು ಸಹಜವಾಗಿದೆ ಎನ್ನಬಹುದು. ಅತಿ ಬಿಸಿ ಬಿಂದುವಿನ ಅಳತೆ ಸಿಗುವ ಕಾರ್ಡುಗಳಲ್ಲಿ ಅದಕ್ಕೂ ಸಾಧಾರಣ ಉಷ್ಣತೆಗೂ 10ರಿಂದ 20 ಡಿಗ್ರಿ ಅಂತರ ಸಾಮಾನ್ಯ. ಅಂತರ ಅದಕ್ಕಿಂತ ತುಂಬ ಹೆಚ್ಚಾಗಿ, ಜೊತೆಗೆ ಆವೃತ್ತಿಯೂ ಕುಸಿಯುತ್ತಿದ್ದರೆ ವಾರಂಟಿ ಪತ್ರವನ್ನು ಹುಡುಕಿ.

ಶಿಕ್ಷಕರಿಗೊಂದು ಸೂಚನೆ. ಈ ನಾಲ್ಕು ರೇಖೆಗಳನ್ನು ಒಂದೇ ಹಾಳೆಯಲ್ಲಿ ವಿದ್ಯಾರ್ಥಿಗಳಿಂದ ಬರೆಸಿ, ಉಷ್ಣತೆಯ ರೇಖೆಯನ್ನು ಕೈಯಿಂದ ಮುಚ್ಚಿ, ಕಾರ್ಡು ಸಹಜವೇ ಎಂದು ಕೇಳಿ. ಬಳಿಕ ಉಳಿದ ಮೂರನ್ನು ಮುಚ್ಚಿ ಅದೇ ಪ್ರಶ್ನೆ ಕೇಳಿ. ಯಾವಾಗ ಉತ್ತರ ಹೇಳಲು ಆಧಾರವಿತ್ತು ಎಂಬುದನ್ನು ಅವರೇ ಕಂಡುಕೊಳ್ಳಲಿ.